ಏರುತಗ್ಗಿನ ಮ್ಯಾರಥಾನ್: ಗಡಿಯಾರದ ಹಂಗಿಲ್ಲದೆ ಓಡುವ ಬಗೆ

ಮ್ಯಾರಥಾನ್ ಓಡಿ ಬಂದೆ ಎಂದು ಹೇಳಿದೊಡನೆ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಟೈಮಿಂಗ್ ಎಷ್ಟು?’ ಎಂಬುದು. ಆಫೀಸಿನ ಲಿಫ್ಟಿನಲ್ಲಿ, ಕಬ್ಬನ್ ಪಾರ್ಕಿನ ಭಾನುವಾರದ ಗುಂಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿಯೂ ಇದೇ ಪ್ರಶ್ನೆ. ಸಮತಟ್ಟಾದ ನಗರದ ರಸ್ತೆಯಲ್ಲಿ ನಡೆಯುವ ಓಟಕ್ಕೆ ಈ ಪ್ರಶ್ನೆ ಒಪ್ಪುತ್ತದೆ. ಚಿಕ್ಕಮಗಳೂರಿನ ತೋಟಗಳ ನಡುವೆಯೋ, ಸಹ್ಯಾದ್ರಿಯ ಘಟ್ಟದ ರಸ್ತೆಯಲ್ಲೋ, ಲೇಹ್‌ನ ಬೆಟ್ಟಗಳ ನೆರಳಿನಲ್ಲೋ ಓಡಿದ 42.195 ಕಿಲೋಮೀಟರಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿನ ಒಂದು ಕಿಲೋಮೀಟರ್ ಆರು ನಿಮಿಷದಲ್ಲಿ ಮುಗಿದರೆ ಅದರ ಮುಂದಿನದು ಹನ್ನೆರಡು ನಿಮಿಷ ಹಿಡಿಯಬಹುದು, ಮತ್ತು ಎರಡರಲ್ಲೂ ಓಟಗಾರ ಪಟ್ಟ ಶ್ರಮ ಒಂದೇ ಆಗಿರಬಹುದು.

ಹೀಗಾಗಿ ಬೆಟ್ಟಗುಡ್ಡಗಳ ಮ್ಯಾರಥಾನನ್ನು ಸಮಯದ ಗುರಿಯಿಲ್ಲದೆ, ಸಂತೋಷಕ್ಕಾಗಿ ಓಡುವುದು ಸಹಜವಾದ ಆಯ್ಕೆ. ಆದರೆ ಸಮಯದ ಗುರಿಯನ್ನು ಕೈಬಿಟ್ಟವರಲ್ಲಿ ಅನೇಕರು ಅದರೊಂದಿಗೆ ಸಿದ್ಧತೆಯನ್ನೂ ಕೈಬಿಡುತ್ತಾರೆ. ಹಾಗೆ ಹೋದವರಿಗೆ ಮೊದಲ ಹದಿನೈದು ಕಿಲೋಮೀಟರ್ ಸುಖವಾಗಿಯೂ ಉಳಿದದ್ದು ಶಿಕ್ಷೆಯಾಗಿಯೂ ಕಳೆಯುತ್ತದೆ. ನಿಧಾನವಾಗಿ ಓಡುವವರು ವೇಗಿಗಳಿಗಿಂತ ಹೆಚ್ಚು ಹೊತ್ತು ಬಿಸಿಲಿನಲ್ಲಿರುತ್ತಾರೆ, ಹೆಚ್ಚು ಹೊತ್ತು ಕಾಲಿನ ಮೇಲಿರುತ್ತಾರೆ. ಆದ್ದರಿಂದ ಅವರಿಗೆ ಬೇಕಾದ ಸಿದ್ಧತೆಯ ಬಗೆ ಬೇರೆ, ಪ್ರಮಾಣ ಕಡಿಮೆಯಲ್ಲ. ಮತ್ತೊಂದು ಮಾತು: ಈ ಓಟಗಳಲ್ಲಿ ಸಂತೋಷವನ್ನು ಕೆಡಿಸುವುದು ಸಾಮಾನ್ಯವಾಗಿ ಏರು ಅಲ್ಲ, ಇಳಿಜಾರು. ಈ ಬರಹದ ಬಹುಪಾಲು ಅದರ ಸುತ್ತಲೇ ಇದೆ.

ಏರು ಕೇಳುವ ಲೆಕ್ಕ

ಏರಿನಲ್ಲಿ ಕಳೆದ ಸಮಯವನ್ನು ಇಳಿಜಾರಿನಲ್ಲಿ ಹಿಂದಕ್ಕೆ ಪಡೆಯಬಹುದೆಂಬ ನಂಬಿಕೆ ಹೊಸಬರಲ್ಲಿ ಬಲವಾಗಿರುತ್ತದೆ. ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪರ್ವತ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ನಾನಾ ಇಳುಕಲುಗಳಲ್ಲಿ ಓಡಿಸಿ, ಅವರು ವ್ಯಯಿಸಿದ ಶಕ್ತಿಯನ್ನು ಅಳೆಯಿತು. ಅದರ ಸೂತ್ರದಂತೆ ಲೆಕ್ಕ ಹಾಕಿದರೆ, ನೂರು ಮೀಟರ್ ಸಾಗುವಾಗ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಸಮತಟ್ಟಿಗಿಂತ ಸುಮಾರು ಮೂರನೇ ಎರಡರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ. ಅಷ್ಟೇ ಕಡಿದಾದ ಇಳಿಜಾರಿನಲ್ಲಿ ಉಳಿತಾಯವಾಗುವುದು ಸುಮಾರು ಐದನೇ ಎರಡರಷ್ಟು ಮಾತ್ರ. ಕೊಟ್ಟದ್ದಷ್ಟೂ ಹಿಂದಿರುಗುವುದಿಲ್ಲ. ಉಳಿದ ಆ ಶಕ್ತಿಯನ್ನು ವೇಗವಾಗಿ ಮಾರ್ಪಡಿಸಲು ತೊಡೆಗಳು ಒಪ್ಪಬೇಕಷ್ಟೆ, ಅವು ಒಪ್ಪದ ಸಂದರ್ಭಗಳೇ ಹೆಚ್ಚು.

ಓಟವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಒಟ್ಟು ಏರಿಕೆ ಎಷ್ಟು ಮೀಟರ್ ಎಂಬುದನ್ನು ಮತ್ತು ಓಟ ಮುಗಿಸಲು ಕೊಟ್ಟಿರುವ ಗರಿಷ್ಠ ಅವಧಿಯನ್ನು, ಅಂದರೆ ಕಟ್-ಆಫ್ ಅನ್ನು. ಪದಕದ ಚಿತ್ರ, ಟೀ ಶರ್ಟಿನ ಬಣ್ಣ ಎಲ್ಲವೂ ಆಮೇಲೆ. ಟ್ರೇಲ್ ಓಟಗಳ, ಅಂದರೆ ಬೆಟ್ಟ ಕಾಡುಗಳ ಮಣ್ಣಿನ ದಾರಿಯ ಓಟಗಳ ಜಗತ್ತಿನಲ್ಲಿ ಬಳಕೆಯಲ್ಲಿರುವ ಸರಳ ಸೂತ್ರವೊಂದಿದೆ: ಪ್ರತಿ 100 ಮೀಟರ್ ಏರಿಕೆಯನ್ನು ಒಂದು ಹೆಚ್ಚುವರಿ ಕಿಲೋಮೀಟರ್ ಎಂದು ಎಣಿಸುವುದು. ಒಟ್ಟು 1,000 ಮೀಟರ್ ಏರಿಕೆಯಿರುವ ಮ್ಯಾರಥಾನ್ ಈ ಲೆಕ್ಕದಲ್ಲಿ 52 ಕಿಲೋಮೀಟರಿನ ಶ್ರಮಕ್ಕೆ ಸಮ. ಸಮತಟ್ಟಿನಲ್ಲಿ ನೀವು ಕಿಲೋಮೀಟರಿಗೆ ಎಂಟು ನಿಮಿಷದಂತೆ ಹಾಯಾಗಿ ಓಡಬಲ್ಲಿರಾದರೆ 52 ಕಿಲೋಮೀಟರಿಗೆ 416 ನಿಮಿಷ, ಅಂದರೆ ಏಳು ಗಂಟೆಗೆ ನಾಲ್ಕು ನಿಮಿಷ ಕಡಿಮೆ. ನೀರಿನ ಮಳಿಗೆಗಳಲ್ಲಿ ಎಂಟು ಬಾರಿ ಮೂರು ಮೂರು ನಿಮಿಷ ನಿಂತರೆ ಏಳು ಗಂಟೆ ಇಪ್ಪತ್ತು ನಿಮಿಷ. ಕಟ್-ಆಫ್ ಏಳು ಗಂಟೆಯಾಗಿದ್ದರೆ ಆ ಓಟ, ಎಷ್ಟೇ ಸುಂದರವಾದ ಊರಿನಲ್ಲಿದ್ದರೂ, ನಿಮ್ಮನ್ನು ದಿನವಿಡೀ ಗಡಿಯಾರ ನೋಡುವಂತೆ ಮಾಡುತ್ತದೆ. ಸಂತೋಷಕ್ಕಾಗಿ ಓಡುವವರಿಗೆ ಈ ಲೆಕ್ಕದ ಮೇಲೆ ಕನಿಷ್ಠ ಮುಕ್ಕಾಲು ಗಂಟೆಯಾದರೂ ಬಿಡುವಿರುವ ಓಟ ಬೇಕು. ಮಧ್ಯದ ಠಾಣೆಗಳಿಗೂ ಪ್ರತ್ಯೇಕ ಕಟ್-ಆಫ್ ಇರುವುದುಂಟು. ಏರೆಲ್ಲ ಮೊದಲರ್ಧದಲ್ಲೇ ಇರುವ ಮಾರ್ಗದಲ್ಲಿ ಒಟ್ಟು ಅವಧಿ ಸಾಕಷ್ಟಿದ್ದರೂ ಮಧ್ಯದ ಠಾಣೆ ನಿಮ್ಮನ್ನು ತಡೆಯಬಹುದು.

ಆಯೋಜಕರು ಕೊಡುವ ಮಾರ್ಗದ ನಕ್ಷೆಯಲ್ಲಿ ಏರುತಗ್ಗುಗಳ ಗೆರೆ ಮೊಬೈಲ್ ಪರದೆಯ ಅಗಲಕ್ಕೆ ಕುಗ್ಗಿ ಕಾಣುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಅನ್ವಯಿಸುವ ಜಾಗ ಇನ್ನೊಂದಿಲ್ಲ. ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಏರಿದೆ, ಅದರಲ್ಲಿ ಎಷ್ಟು ಮೀಟರ್ ಏರಬೇಕು, ಇಳಿಜಾರು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಬಾಸ್ಟನ್ ಮ್ಯಾರಥಾನಿನ ಹೆಸರಾಂತ ಹಾರ್ಟ್‌ಬ್ರೇಕ್ ಹಿಲ್ ಉದ್ದದಲ್ಲಿ ಸುಮಾರು 800 ಮೀಟರ್, ಎತ್ತರದಲ್ಲಿ 27 ಮೀಟರ್ ಮಾತ್ರ. ನಮ್ಮ ಮಲ್ಲೇಶ್ವರದವರು ದಿನಬಳಕೆಯಲ್ಲಿ ಹತ್ತುವ ದಿಣ್ಣೆಗಳಿಗಿಂತ ಅದೇನೂ ಭಯಂಕರವಲ್ಲ. ಅದು ಎದೆಯೊಡೆಯುವುದಕ್ಕೆ ಎರಡು ಕಾರಣಗಳಿವೆ. ಒಂದು, ಅದು 32ನೇ ಕಿಲೋಮೀಟರಿನ ಬಳಿಕ ಬರುತ್ತದೆ. ಎರಡು, ಆರಂಭದ ಊರಾದ ಹಾಪ್ಕಿಂಟನ್ನಿನಿಂದ ರಸ್ತೆ ಬಹುದೂರ ಇಳಿಯುತ್ತಲೇ ಸಾಗಿ, ಅಷ್ಟರಲ್ಲಿ ತೊಡೆಗಳನ್ನು ಸದ್ದಿಲ್ಲದೆ ದಣಿಸಿರುತ್ತದೆ. ಏರಿನ ಎತ್ತರದಷ್ಟೇ ಅದರ ಜಾಗವೂ, ಅದಕ್ಕೆ ಮೊದಲು ಬರುವ ಇಳಿಜಾರೂ ಮುಖ್ಯವೆಂಬುದು ಇದರಿಂದ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಹೊರಡುವವರಿಗೆ ಮೊದಲ ಅನುಭವಕ್ಕೆ ಪೂರ್ಣ ಮ್ಯಾರಥಾನಿಗಿಂತ ಅರ್ಧದ್ದು ಮೇಲು. ಮಹಾರಾಷ್ಟ್ರದ ಸಾತಾರಾದಲ್ಲಿ 2012ರಿಂದ ನಡೆಯುತ್ತಿರುವ ಬೆಟ್ಟದ ಹಾಫ್ ಮ್ಯಾರಥಾನ್ ಮಳೆಗಾಲದ ಹಸಿರಿನಲ್ಲಿ ಯವತೇಶ್ವರ ಘಟ್ಟವನ್ನು ಏರಿ ಅದೇ ದಾರಿಯಲ್ಲಿ ಇಳಿಯುತ್ತದೆ. ಏರಿಗೂ ಇಳಿಜಾರಿಗೂ ನಿಮ್ಮ ದೇಹ ಹೇಗೆ ಸ್ಪಂದಿಸುತ್ತದೆಂದು ತಿಳಿಯಲು ಅಂಥ ಮಾರ್ಗ ಒಳ್ಳೆಯದು. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಗಳು ಮಣ್ಣಿನ ದಾರಿಯವು, ಅಲ್ಲಿ ಮಳೆ ಬಿದ್ದಿದ್ದರೆ ಜಾರಿಕೆಯನ್ನೂ ಇಂಬಳಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಲಡಾಖ್ ಮ್ಯಾರಥಾನಿನ ವಿಷಯವೇ ಬೇರೆ: ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ನಮ್ಮ ಊರಿನ ಒಂಬೈನೂರು ಚಿಲ್ಲರೆ ಮೀಟರ್ ಎತ್ತರ ಅಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಒಂದು ವಾರಕ್ಕೂ ಹೆಚ್ಚು ಮೊದಲೇ ಹೋಗಿ ದೇಹವನ್ನು ಗಾಳಿಗೆ ಒಗ್ಗಿಸಿಕೊಳ್ಳುವಷ್ಟು ರಜೆ ಇಲ್ಲದವರು ಆ ಆಸೆಯನ್ನು ಮುಂದೂಡುವುದು ಜಾಣತನ.

ಬೆಂಗಳೂರಿನ ದಿಣ್ಣೆಗಳು

ಬೆಂಗಳೂರು ಸಮತಟ್ಟಾದ ಊರೆಂಬುದು ಕಾರಿನಲ್ಲಿ ಓಡಾಡುವವರ ಅಭಿಪ್ರಾಯ. ನಗರ ನಿಂತಿರುವುದು ದಿಣ್ಣೆಯೊಂದರ ಮೇಲೆ. ಅದರ ನೀರು ಒಂದು ಕಡೆ ವೃಷಭಾವತಿಗೂ, ಇನ್ನೊಂದು ಕಡೆ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಿಗೂ ಹರಿಯುತ್ತದೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಿದಾಗಲೆಲ್ಲ ಏರಿ ಇಳಿಯಲೇಬೇಕು. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ ಮತ್ತು ಹಲಸೂರು ಕೆರೆಯ ಬಳಿ ಇವೆ. ಭಾನುವಾರ ನಸುಕಿನಲ್ಲಿ ಈ ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಜೋಡಿಸಿ ಓಡಿದರೆ ಕೆರೆಯ ತಗ್ಗಿಗೆ ಇಳಿಯುವುದು, ದಿಣ್ಣೆಗೆ ಏರುವುದು ಎರಡೂ ಸಿಗುತ್ತವೆ, ಲಾಂಗ್ ರನ್‌ಗೆ, ಅಂದರೆ ವಾರದ ದೀರ್ಘ ಓಟಕ್ಕೆ ಬೇಕಾದಷ್ಟು ದೂರವೂ ಆಗುತ್ತದೆ. ವಾಹನಗಳು ಏಳುವ ಮೊದಲೇ ಮುಗಿಸಬೇಕೆಂಬುದೊಂದೇ ನಿಬಂಧನೆ.

ವಾರದ ಮಧ್ಯೆ ಇಷ್ಟು ದೂರ ಹೋಗಬೇಕಿಲ್ಲ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ಸುತ್ತಮುತ್ತ, ಸ್ಯಾಂಕಿ ಕೆರೆಯಿಂದ ಮೇಲಕ್ಕೆ ಹೋಗುವ ರಸ್ತೆಗಳಲ್ಲಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಎರಡು ಮೂರು ನಿಮಿಷ ಓಡುವಷ್ಟು ಉದ್ದದ ಏರುಗಳು ಬೇಕಾದಷ್ಟಿವೆ. ಇಂಥದೊಂದನ್ನು ಆರಿಸಿಕೊಂಡು ವಾರಕ್ಕೊಮ್ಮೆ ಆರರಿಂದ ಹತ್ತು ಬಾರಿ ಹತ್ತಿಳಿಯುವುದು ಸಾಕು. ಏದುಸಿರು ಬರುವಂತೆ ನುಗ್ಗಬೇಕಾಗಿಲ್ಲ. ಕೊನೆಯ ಏರನ್ನು ಮೊದಲನೆಯದರಷ್ಟೇ ಸಲೀಸಾಗಿ ಮುಗಿಸಲು ಸಾಧ್ಯವಾಗುವ ಗತಿಯೇ ಸರಿಯಾದ ಗತಿ. ಕನಕಪುರ ರಸ್ತೆಯ ಕಡೆಯವರಿಗೆ ತುರಹಳ್ಳಿಯಲ್ಲಿ ಕಲ್ಲುಮಣ್ಣಿನ ಚಿಕ್ಕ ಏರುಗಳು ಸಿಗುತ್ತವೆ, ಕಾಲಿಡುವ ಜಾಗವನ್ನು ನೋಡಿ ಓಡುವ ಅಭ್ಯಾಸಕ್ಕೆ ಅದು ಹೇಳಿ ಮಾಡಿಸಿದ ಜಾಗ. ಅರಣ್ಯ ಇಲಾಖೆಯ ಪ್ರವೇಶ ನಿಯಮಗಳನ್ನು ಪಾಲಿಸುವುದು ಮತ್ತು ಹಾಡುಗಳನ್ನು ಜೋರಾಗಿ ಹಾಕದಿರುವುದು ಅಲ್ಲಿಗೆ ಹೋಗುವವರ ಕನಿಷ್ಠ ಮರ್ಯಾದೆ.

ನಿಜವಾದ ಘಟ್ಟದ ಅನುಭವಕ್ಕೆ ನಂದಿ ಬೆಟ್ಟ. ನಗರದಿಂದ ಸುಮಾರು 60 ಕಿಲೋಮೀಟರ್ ದೂರದ, 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಬುಡದಿಂದ ಏಳೆಂಟು ಕಿಲೋಮೀಟರ್ ರಸ್ತೆಯಿದೆ, ಅದರಲ್ಲಿ 400 ಮೀಟರಿನ ಆಸುಪಾಸಿನ ಏರಿಕೆಯಿದೆ. ಎರಡು ಬಾರಿ ಹತ್ತಿಳಿದರೆ ಸುಮಾರು 30 ಕಿಲೋಮೀಟರ್ ದೂರ ಮತ್ತು 800 ಮೀಟರ್ ಏರಿಕೆ. 1,000 ಮೀಟರ್ ಏರಿಕೆಯ ಮ್ಯಾರಥಾನಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೆಂಗಳೂರಿನ ಹತ್ತಿರ ಸಿಗುವುದು ಕಷ್ಟ. ವಾರಾಂತ್ಯದಲ್ಲಿ ಸೂರ್ಯೋದಯ ನೋಡಲು ಬರುವ ವಾಹನಗಳ ಸಾಲು ಅಸಹನೀಯವಾಗಿರುತ್ತದೆ. ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗುವುದು ದುಬಾರಿಯೆನಿಸಿದರೂ ಒಳ್ಳೆಯ ಖರ್ಚು. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ ಓಡಬೇಕು, ಆದರೆ ಬಲಕ್ಕೆ ತಿರುಗುವ ಕುರುಡು ತಿರುವುಗಳಲ್ಲಿ ಮೊದಲೇ ದಾಟಿ ಹೊರಬದಿಗೆ ಬರುವುದು ಕ್ಷೇಮ. ಕೋತಿಗಳ ಎದುರು ಬಾಳೆಹಣ್ಣನ್ನು ಹೊರತೆಗೆಯಬಾರದು. ತುಮಕೂರಿನ ಬಳಿಯ ದೇವರಾಯನದುರ್ಗ, ಮೈಸೂರಿನ ಚಾಮುಂಡಿ ಬೆಟ್ಟದ ರಸ್ತೆ ಇವೂ ಇದೇ ಕೆಲಸಕ್ಕೆ ಒದಗುತ್ತವೆ.

ಹಾಫ್ ಮ್ಯಾರಥಾನನ್ನು ತೊಂದರೆಯಿಲ್ಲದೆ ಓಡಬಲ್ಲವರಿಗೆ ಹದಿನಾರು ವಾರ ಸಾಕು. ವಾರಕ್ಕೆ ನಾಲ್ಕು ದಿನ ಓಟ: ಒಂದು ಏರಿನ ಅಭ್ಯಾಸ, ಎರಡು ಹಗುರಾದ ಓಟ, ವಾರಾಂತ್ಯದಲ್ಲೊಂದು ಲಾಂಗ್ ರನ್. ಈ ಲಾಂಗ್ ರನ್ ಅನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡು ಗಂಟೆಯಿಂದ ಆರಂಭಿಸಿ, ಪ್ರತಿ ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುತ್ತ, ನಾಲ್ಕು ಗಂಟೆಗೆ ತಲುಪಿದರೆ ಅಲ್ಲಿಗೆ ನಿಲ್ಲಿಸಬಹುದು. ಅದಕ್ಕೂ ಮೀರಿದ ದಣಿವು ಬೇಕೆನ್ನುವವರು ಶನಿವಾರ ಎರಡು ಗಂಟೆ ಓಡಿ ಭಾನುವಾರ ಮತ್ತೆ ಮೂರು ಗಂಟೆ ಹೊರಡುವುದು, ಒಂದೇ ದಿನ ಐದು ಗಂಟೆ ಓಡಿ ವಾರವಿಡೀ ಕುಂಟುವುದಕ್ಕಿಂತ ಉತ್ತಮ. ಲಾಂಗ್ ರನ್‌ನ ಭಾಗವಾಗಿ ನಡಿಗೆಯನ್ನೂ ಅಭ್ಯಾಸ ಮಾಡಬೇಕು. ಕಡಿದಾದ ಏರಿನಲ್ಲಿ ಬಿರುಸಾಗಿ ನಡೆಯುವುದೇ ಒಂದು ಕೌಶಲ, ನಡೆಯುವುದು ಸೋಲೆಂದು ತಿಳಿದವರು ಅದನ್ನು ಕಲಿಯುವುದೇ ಇಲ್ಲ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಅವರೇ ಓಟದ ನಡುವೆ ಯೋಜಿತವಾಗಿ ನಡೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು ಎಂಬುದು ಸಂಕೋಚವುಳ್ಳವರಿಗೆ ಧೈರ್ಯ ಕೊಡಲಿ.

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಹೃದ್ರೋಗವಿರುವವರು ಈ ಹದಿನಾರು ವಾರಗಳು ಆರಂಭವಾಗುವ ಮುನ್ನವೇ ವೈದ್ಯರನ್ನು ಕಾಣಬೇಕು.

ಇಳಿಜಾರನ್ನು ಕಲಿಯುವುದು

ಏರುವಾಗ ಸ್ನಾಯುಗಳು ಕುಗ್ಗುತ್ತ ಕೆಲಸ ಮಾಡುತ್ತವೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಹೀಗೆ ಹಿಗ್ಗುತ್ತ ಭಾರ ಹೊರುವಾಗ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಹಾನಿಯಾಗುತ್ತದೆ, ಅದರ ನೋವು ಆಗಲೇ ತಿಳಿಯದೆ ಮರುದಿನವೋ ಅದರ ಮರುದಿನವೋ ಉಲ್ಬಣಿಸುತ್ತದೆ. ನೋವು ಆಮೇಲೆ ಬಂದರೂ ಬಲ ಕುಂದುವುದು ಓಟದ ನಡುವೆಯೇ. ಮೊದಲ ಇಳಿಜಾರಿನಲ್ಲಿ ಹಾರಿಕೊಂಡು ಹೋದವರು ಮೂವತ್ತನೇ ಕಿಲೋಮೀಟರಿನಲ್ಲಿ ಸಮತಟ್ಟಾದ ರಸ್ತೆಯಲ್ಲೂ ಮಂಡಿ ಮಡಚಲಾರದೆ ನಿಲ್ಲುವುದು ಇದರಿಂದಲೇ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆಯುತ್ತಿರುವ, ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟದ ದಿಕ್ಕು ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ಬದಲಾಗುತ್ತದೆ. ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಸಮುದ್ರತೀರದ ಡರ್ಬನ್ನಿಗೆ ಇಳಿಯುವ ವರ್ಷವೇ ಕಾಲುಗಳಿಗೆ ಹೆಚ್ಚು ಕಠಿಣವೆಂದು ಅಲ್ಲಿ ಓಡಿದ ಹಿರಿಯರು ಹೇಳುವುದುಂಟು.

ಇದಕ್ಕೆ ದೇಹದಲ್ಲೇ ಒಂದು ಪರಿಹಾರವಿದೆ. ಒಮ್ಮೆ ಇಳಿಜಾರಿನಲ್ಲಿ ಓಡಿ ನೋವುಂಡ ಸ್ನಾಯು, ಚೇತರಿಸಿಕೊಂಡ ಮೇಲೆ ಅದೇ ಬಗೆಯ ಭಾರವನ್ನು ಕಡಿಮೆ ಹಾನಿಯೊಂದಿಗೆ ತಾಳಿಕೊಳ್ಳುತ್ತದೆ, ಮತ್ತು ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ ಇಳಿಜಾರಿಗೆಂದೇ ಒಂದು ಓಟವನ್ನು ಮೀಸಲಿಡಬೇಕು. ಮೊದಲ ಸಲ ಎರಡು ಮೂರು ಕಿಲೋಮೀಟರಿನ ಇಳಿತ ಸಾಕು, ಕ್ರಮೇಣ ಹೆಚ್ಚಿಸಬಹುದು. ಕೊನೆಯ ದೊಡ್ಡ ಇಳಿಜಾರಿನ ಓಟ ಸ್ಪರ್ಧೆಗೆ ಎರಡೂವರೆ ಅಥವಾ ಮೂರು ವಾರ ಮೊದಲು ಮುಗಿದಿರಬೇಕು. ಅದಕ್ಕಿಂತ ಹತ್ತಿರವಾದರೆ ನೋವು ಉಳಿದಿರುತ್ತದೆ, ತೀರ ದೂರವಾದರೆ ರಕ್ಷಣೆ ಕಳೆದಿರುತ್ತದೆ. ಎಷ್ಟೋ ಬೆಂಗಳೂರಿಗರು ನಂದಿ ಬೆಟ್ಟವನ್ನು ಓಡಿ ಹತ್ತಿ, ಗೆಳೆಯರ ಕಾರಿನಲ್ಲಿ ಕುಳಿತು ಇಳಿಯುತ್ತಾರೆ. ಶ್ರಮದಲ್ಲಿ ಅರ್ಧವನ್ನು ಅವರು ಕಾರಿಗೇ ಒಪ್ಪಿಸಿದಂತಾಯಿತು.

ಅಪಾರ್ಟ್‌ಮೆಂಟಿನ ಮೆಟ್ಟಿಲುಗಳೂ ಸಹಾಯಕ್ಕೆ ಬರುತ್ತವೆ. ಒಂದು ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಮುಟ್ಟುವವರೆಗೆ ಮೂರು ಎಣಿಸುತ್ತ ನಿಧಾನವಾಗಿ ದೇಹವನ್ನು ಇಳಿಸಿ ಮತ್ತೆ ಮೇಲೆತ್ತುವುದು ತೊಡೆಗೆ ಬೇಕಾದ ವ್ಯಾಯಾಮ. ಪ್ರತಿ ಕಾಲಿಗೆ ಹತ್ತರಂತೆ ಮೂರು ಸುತ್ತು, ವಾರಕ್ಕೆರಡು ಬಾರಿ. ಅದೇ ಮೆಟ್ಟಿಲಿನಲ್ಲಿ ಮುಂಗಾಲಿನ ಮೇಲೆ ಏರಿ ನಿಧಾನವಾಗಿ ಹಿಮ್ಮಡಿಯನ್ನು ಇಳಿಸುವುದು ಮೀನಖಂಡಕ್ಕೆ. ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳಬೇಕು. ಮಂಡಿಯ ಹೊರಬದಿಯಲ್ಲಿ, ಇಳಿಯುವಾಗ ಮಾತ್ರ ಚುಚ್ಚುವ ನೋವು ಕಾಣಿಸಿಕೊಂಡರೆ ಅದನ್ನು ಓಡಿಯೇ ಕಳೆಯುತ್ತೇನೆನ್ನುವುದು ಹಟ. ಇಳಿಜಾರಿನ ಅಭ್ಯಾಸ ನಿಲ್ಲಿಸಿ ಫಿಸಿಯೋಥೆರಪಿಸ್ಟರನ್ನು ಕಾಣುವುದು ಸರಿ.

ಇಳಿಯುವ ರೀತಿಯಲ್ಲಿ ಗಮನಿಸಬೇಕಾದದ್ದು ಮುಖ್ಯವಾಗಿ ಹೆಜ್ಜೆಯ ಉದ್ದ. ಭಯಕ್ಕೆ ದೇಹ ಹಿಂದಕ್ಕೆ ವಾಲಿದಾಗ ಕಾಲು ಮುಂದೆ ಚಾಚಿಕೊಂಡು ಹಿಮ್ಮಡಿ ಬ್ರೇಕಿನಂತೆ ನೆಲಕ್ಕೆ ಬಡಿಯುತ್ತದೆ, ಪ್ರತಿ ಹೆಜ್ಜೆಯ ಹೊಡೆತವೂ ಮಂಡಿಗೆ ಹೋಗುತ್ತದೆ. ಹೆಜ್ಜೆಗಳನ್ನು ಚಿಕ್ಕದಾಗಿ, ಬೇಗ ಬೇಗ ಇಡುತ್ತ, ಪಾದ ಸೊಂಟದ ಕೆಳಗೇ ಬೀಳುವಂತೆ ನೋಡಿಕೊಂಡರೆ ಸದ್ದು ಕಡಿಮೆಯಾಗುತ್ತದೆ. ಸದ್ದೇ ಇಲ್ಲಿ ಒಳ್ಳೆಯ ಸೂಚಕ: ನಿಮ್ಮ ಬೂಟಿನ ಬಡಿತ ನಿಮಗೇ ಜೋರಾಗಿ ಕೇಳಿಸುತ್ತಿದ್ದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ. ತೋಳುಗಳನ್ನು ಸಡಿಲವಾಗಿ ಬಿಟ್ಟು, ನೋಟವನ್ನು ಐದಾರು ಮೀಟರ್ ಮುಂದಿಟ್ಟು, ಮುಂದಿನವರಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕು.

ಬೂಟು, ಊಟ, ನೀರು

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಂಬರು ರಸ್ತೆಯಾದರೆ ಈಗಾಗಲೇ ಓಡಿ ಪಳಗಿದ ರಸ್ತೆ ಬೂಟು, ಮಣ್ಣಾದರೆ ಹಲ್ಲುಗಳುಳ್ಳ ಟ್ರೇಲ್ ಬೂಟು. ಇಳಿಯುವಾಗ ಬೆರಳುಗಳು ಮುಂದಕ್ಕೆ ಜಾರಿ ಉಗುರು ಕಪ್ಪಾಗದಂತೆ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು, ಲೇಸನ್ನು ಮೇಲಿನ ಕೊನೆಯ ತೂತಿನವರೆಗೂ ಹಾಯಿಸಿ ಹಿಮ್ಮಡಿಯನ್ನು ಬಿಗಿಯಬೇಕು, ಉಗುರುಗಳನ್ನು ಎರಡು ಮೂರು ದಿನ ಮೊದಲೇ ಕತ್ತರಿಸಿರಬೇಕು.

ಆರೇಳು ಗಂಟೆಯ ಓಟಕ್ಕೆ ತಿನ್ನುತ್ತಲೇ ಹೋಗಬೇಕಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಪ್ರಮಾಣ. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ವೇಗವಾಗಿ ಓಡುವವರಿಗೆ ಗಟ್ಟಿ ಆಹಾರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ನಿಧಾನದವರಿಗೆ ಆ ತೊಂದರೆ ಕಡಿಮೆ. ಖರ್ಜೂರ, ಕಡಲೆಕಾಯಿ ಚಿಕ್ಕಿ, ಬೆಲ್ಲ, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಇವುಗಳನ್ನು ರುಚಿಯಿಂದ ತಿನ್ನಬಹುದಾದ್ದು ಸಮಯದ ಗುರಿ ಬಿಟ್ಟವರಿಗೆ ಸಿಗುವ ಮೊದಲ ಬಹುಮಾನ. ಯಾವುದು ಒಗ್ಗುತ್ತದೆಂಬುದನ್ನು ಲಾಂಗ್ ರನ್‌ಗಳಲ್ಲಿಯೇ ಪರೀಕ್ಷಿಸಿರಬೇಕು. ಹಿಂದಿನ ರಾತ್ರಿ ಹೊಸ ಊರಿನ ಖಾರದ ಸಾರನ್ನು ಸವಿಯುವ ಆಸೆಯನ್ನು ಮರುದಿನದ ರಾತ್ರಿಗೆ ಮುಂದೂಡಿ, ಅನ್ನ ಮೊಸರಿನಲ್ಲಿ ತೃಪ್ತಿಪಡಬೇಕು. ಬೆಳಿಗ್ಗೆ ಎರಡು ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ ತಿಂದವರು ಹೊಟ್ಟೆಯ ವಿಷಯದಲ್ಲಿ ನಿಶ್ಚಿಂತರಾಗಿರಬಹುದು.

ನೀರಿನ ವಿಷಯದಲ್ಲಿ ನಿಧಾನದ ಓಟಗಾರರಿಗೇ ಒಂದು ಎಚ್ಚರಿಕೆ. ನಾಲ್ಕು ಗಂಟೆಗೂ ಹೆಚ್ಚು ಓಡುವವರು ಪ್ರತಿ ಮಳಿಗೆಯಲ್ಲೂ ಬಾಯಾರಿಕೆಯಿಲ್ಲದಿದ್ದರೂ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು, ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಲ್ಲಿಯೂ ನಾಲ್ಕು ಗಂಟೆ ದಾಟಿದವರಲ್ಲಿಯೂ ಈ ತೊಂದರೆ ಹೆಚ್ಚಾಗಿ ಕಂಡಿತ್ತು. ಬಾಯಾರಿಕೆಯಾದಾಗ ಕುಡಿಯಿರಿ, ಬೆವರು ಹೆಚ್ಚಿದ್ದರೆ ನಡುನಡುವೆ ಓಆರ್‌ಎಸ್ ಕುಡಿಯಿರಿ, ಉಪ್ಪಿನಂಶವುಳ್ಳದ್ದನ್ನು ತಿನ್ನಿರಿ. ತಲೆನೋವು, ವಾಕರಿಕೆ, ಕೈಬೆರಳುಗಳ ಊತ ಒಟ್ಟಿಗೆ ಕಂಡರೆ ಇನ್ನಷ್ಟು ನೀರು ಕುಡಿಯದೆ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು.

ಓಟದ ದಿನ

ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಘಟ್ಟದ ತಿರುವುಗಳನ್ನು ಸುತ್ತಿ ಹೋಗಿ, ಅರೆನಿದ್ದೆಯಲ್ಲೇ ಶನಿವಾರ ಬೆಳಿಗ್ಗೆ ಆರಂಭದ ಗೆರೆಯಲ್ಲಿ ನಿಲ್ಲುವುದು ಬೆಂಗಳೂರಿನವರ ಕೆಟ್ಟ ಅಭ್ಯಾಸ. ಒಂದು ರಾತ್ರಿಯಾದರೂ ಆ ಊರಿನಲ್ಲಿ ಮಲಗಿರಬೇಕು. ಹಿಂದಿನ ಸಂಜೆ ಮಾರ್ಗದ ಒಂದು ಭಾಗವನ್ನು ವಾಹನದಲ್ಲಿ ನೋಡಿ ಬರಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಕೈಗಡಿಯಾರದ ಪರದೆಯಿಂದ ಕಿಲೋಮೀಟರಿನ ವೇಗವನ್ನು ತೆಗೆದುಹಾಕಿ, ಕಳೆದ ಒಟ್ಟು ಸಮಯವನ್ನು ಮಾತ್ರ ಉಳಿಸಿಕೊಳ್ಳುವುದು ನನ್ನ ಸಲಹೆ. ಕಟ್-ಆಫ್ ನೋಡಿಕೊಳ್ಳಲು ಅಷ್ಟು ಸಾಕು. ಆರಂಭದಲ್ಲಿ ಗುಂಪಿನ ಹಿಂಭಾಗದಲ್ಲಿ ನಿಂತರೆ ಮೊದಲ ಕಿಲೋಮೀಟರುಗಳನ್ನು ಬೇಗ ಓಡುವ ಪ್ರಲೋಭನೆ ತಾನಾಗಿ ತಪ್ಪುತ್ತದೆ. ಏರಿನಲ್ಲಿ ಶ್ರಮ ಸರಿಯಾಗಿದೆಯೇ ಎಂಬುದಕ್ಕೆ ಮಾತೇ ಅಳತೆ: ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿರಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಹದಿಮೂರರ ಮಗ್ಗಿಯನ್ನು ಬಾಯಿಬಿಟ್ಟು ಹೇಳಿಕೊಳ್ಳಬಹುದು. ಮಧ್ಯೆ ಉಸಿರಿಗಾಗಿ ನಿಲ್ಲಬೇಕಾಗಿ ಬಂದರೆ ನಡೆಯಲು ಆರಂಭಿಸುವ ಹೊತ್ತು ಬಂದಿದೆ. (ಲೆಕ್ಕ ತಪ್ಪಿದ್ದಕ್ಕೆ ನಿಂತರೆ ಅದು ಬೇರೆ ವಿಚಾರ.) ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು. ನಡೆಯುವಾಗ ಹೆಜ್ಜೆ ಚಿಕ್ಕದಾಗಿರಲಿ, ತೀರ ಕಡಿದಾದ ಕಡೆ ಅಂಗೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು ಏರಿದರೆ ಬೆನ್ನಿಗೂ ಮೀನಖಂಡಕ್ಕೂ ಹಗುರ. ಶಿಖರ ತಲುಪಿದೊಡನೆ ಇಳಿಯಲು ಧುಮುಕದೆ ಒಂದೆರಡು ನಿಮಿಷ ನಡೆದು, ಏನಾದರೂ ತಿಂದು, ಆಮೇಲೆ ಹೊರಡಿ. ಮೊದಲ ಇಳಿಜಾರಿನಲ್ಲಿ ನಿಮಗೆ ಸಾಧ್ಯವಿರುವ ವೇಗಕ್ಕಿಂತ ಸ್ಪಷ್ಟವಾಗಿ ಕಡಿಮೆ ವೇಗದಲ್ಲಿ ಇಳಿಯುವ ಸಂಯಮವೊಂದಿದ್ದರೆ ಮೂವತ್ತನೇ ಕಿಲೋಮೀಟರಿನಲ್ಲಿ ನೀವು ಅನೇಕರನ್ನು ದಾಟುತ್ತಿರುತ್ತೀರಿ, ದಾಟಬೇಕೆಂಬ ಉದ್ದೇಶವಿಲ್ಲದೆಯೇ.

ಸಂತೋಷಕ್ಕೂ ಸ್ವಲ್ಪ ಯೋಜನೆ ಬೇಕು. ನಕ್ಷೆ ನೋಡಿ ನಿಲ್ಲಬೇಕಾದ ಮೂರು ನಾಲ್ಕು ಜಾಗಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ: ಒಂದು ತಿರುವಿನಲ್ಲಿ ಕಣಿವೆ ತೆರೆದುಕೊಳ್ಳಬಹುದು, ಒಂದು ಹಳ್ಳಿಯ ಶಾಲೆಯ ಮುಂದೆ ಮಕ್ಕಳು ನಿಂತಿರಬಹುದು. ಕಾಫಿ ಸೀಮೆಯ ಓಟವಾದರೆ ಋತುವನ್ನು ತಿಳಿದು ಹೋಗಿ. ಮಾರ್ಚ್–ಏಪ್ರಿಲ್‌ನ ಮೊದಲ ಮಳೆಯ ನಂತರ ತೋಟ ಹೂಬಿಟ್ಟು ಘಮ್ಮೆನ್ನುತ್ತದೆ, ನವೆಂಬರ್ ಬಳಿಕ ಅರೇಬಿಕಾ ಹಣ್ಣಿನ ಕೊಯ್ಲು ನಡೆದಿರುತ್ತದೆ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ವರ್ಷವಿಡೀ ಇರುತ್ತದೆ. ತೋಟದ ಕೆಲಸಕ್ಕೆ ಹೊರಟವರಿಗೆ ನಾವು ದಾರಿ ಬಿಡಬೇಕು, ಅವರು ನಮಗಲ್ಲ. ಫೋಟೊ ತೆಗೆಯಲು ಮೊಬೈಲ್ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಕುರುಡು ತಿರುವಿನಲ್ಲಿ ನಿಂತು ತೆಗೆಯುವುದು ತಪ್ಪು. ವಾಹನ ಸಂಚಾರವಿರುವ ಘಟ್ಟದ ರಸ್ತೆಯಲ್ಲಿ ಇಯರ್‌ಫೋನ್ ಹಾಕಿಕೊಳ್ಳುವುದನ್ನು ನಾನಂತೂ ಒಪ್ಪಲಾರೆ. ಓಡುತ್ತ ಶಕ್ತಿಗಾಗಿ ಹೀರುವ ಜೆಲ್ ಪೊಟ್ಟಣದ ಹರಿದ ತುಂಡು ಕೂಡ ನಿಮ್ಮ ಜೇಬಿನಲ್ಲೇ ಊರಿಗೆ ಮರಳಬೇಕು.

ಎದೆನೋವು, ತಲೆಸುತ್ತು, ದಿಕ್ಕು ತೋಚದಂಥ ಗೊಂದಲ, ಅಥವಾ ನಡಿಗೆಯ ಚಂದವನ್ನೇ ಬದಲಿಸುವಂಥ ಚೂಪಾದ ನೋವು, ಇವುಗಳಲ್ಲಿ ಯಾವುದು ಬಂದರೂ ಓಟ ಅಲ್ಲಿಗೆ ಮುಗಿಯಿತೆಂದು ಹತ್ತಿರದ ಸ್ವಯಂಸೇವಕರಿಗೆ ಹೇಳಿ ಕುಳಿತುಕೊಳ್ಳಬೇಕು. ಹಿಂದಿನಿಂದ ಬರುವ ಸ್ವೀಪ್ ವಾಹನ ಇರುವುದೇ ಅದಕ್ಕಾಗಿ. ಹೇಳದೆ ಕೇಳದೆ ಆಟೊ ಹಿಡಿದು ಹೋಟೆಲಿಗೆ ಹೋಗಿಬಿಟ್ಟರೆ ಕತ್ತಲಾಗುವವರೆಗೂ ನಿಮ್ಮನ್ನು ಹುಡುಕುವವರಿರುತ್ತಾರೆ.

ಗೆರೆ ದಾಟಿದ ಬಳಿಕ ಕೂಡಲೇ ಕಾರಿನಲ್ಲಿ ಕುಳಿತು ಐದಾರು ಗಂಟೆ ಬೆಂಗಳೂರಿನತ್ತ ಹೊರಡುವುದು ಬೇಡ. ಹತ್ತು ಹದಿನೈದು ನಿಮಿಷ ನಡೆದಾಡಿ, ಊಟ ಮಾಡಿ, ಸಾಧ್ಯವಾದರೆ ಆ ರಾತ್ರಿ ಅಲ್ಲೇ ಉಳಿಯಿರಿ, ಉಳಿಯಲಾಗದಿದ್ದರೆ ದಾರಿಯಲ್ಲಿ ಗಂಟೆಗೊಮ್ಮೆ ಇಳಿದು ಕಾಲಾಡಿಸಿ, ಮತ್ತು ವಾಹನವನ್ನು ಬೇರೆಯವರು ಓಡಿಸಲಿ. ತೊಡೆಯ ನೋವು ಎರಡನೆಯ ದಿನ ಹೆಚ್ಚಾಗುವುದು ನಿರೀಕ್ಷಿತ. ಆಗ ನೋವಿನ ಮಾತ್ರೆ ನುಂಗಿ ಓಡಲು ಹೊರಡದೆ, ದಿನಕ್ಕೆ ಅರ್ಧ ಗಂಟೆ ಸಮತಟ್ಟಿನಲ್ಲಿ ನಡೆಯುವುದು ಸಾಕು. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು, ಅದು ಸ್ನಾಯುಗಳ ಹಾನಿ ಮೂತ್ರಪಿಂಡಕ್ಕೆ ಹೊರೆಯಾಗಿರುವ ಲಕ್ಷಣ. ಉಳಿದವರು ಮನೆಯ ಮೆಟ್ಟಿಲುಗಳನ್ನು ಗೋಡೆ ಹಿಡಿಯದೆ, ಮುಖ ಕಿವುಚದೆ ಇಳಿಯಲು ಬಂದ ಮೇಲೆ ಲಾಲ್‌ಬಾಗಿನ ಸಮತಟ್ಟಾದ ದಾರಿಯಲ್ಲಿ ಇಪ್ಪತ್ತು ನಿಮಿಷದ ಹಗುರವಾದ ಓಟದಿಂದ ಮತ್ತೆ ಆರಂಭಿಸಬಹುದು. ಬಂಡೆಯ ಕಡೆಗೆ ಇನ್ನೂ ಎರಡು ವಾರ ಹೋಗಬೇಡಿ.